ಆ ದೋಣಿಗಳಲ್ಲಿ ಟಾರ್ಪಿಡೊ ಇರಲಿಲ್ಲ

ಡಿಸೆಂಬರ್ 4ರ ನೌಕಾಪಡೆ ದಿನ ಹತ್ತಿರವಾದರೆ ನಮ್ಮ ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಿಗೂ ಇಂಥ ವಿಡಿಯೋ ಬರುತ್ತದೆ: ಹಾಡಹಗಲಲ್ಲಿ ಪುಟ್ಟ ಯುದ್ಧದೋಣಿಯೊಂದು ಕ್ಷಿಪಣಿ, ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಹೊಡೆಯುವ ಸಿಡಿಅಸ್ತ್ರ) ಎರಡನ್ನೂ ಬಿಟ್ಟು ಹಡಗು ಮುಳುಗಿಸುತ್ತದೆ. ‘1971ರ ಕರಾಚಿ ದಾಳಿಯ ಅಸಲಿ ದೃಶ್ಯ’ ಎಂಬ ಒಕ್ಕಣೆ. ಹಂಚುವವರದು ಅಭಿಮಾನ, ನನಗೂ ಅದೇ ಅಭಿಮಾನವಿದೆ. ಆದರೆ ದೃಶ್ಯ ಆ ದಾಳಿಯದಲ್ಲ.

1971ರ ಪಾಕಿಸ್ತಾನ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ದಾಳಿಗೆ ಹೋದ ನಮ್ಮ ನೌಕಾಪಡೆಯ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಸೋವಿಯತ್ ನಿರ್ಮಿತ ಓಸಾ ವರ್ಗದವು. ಒಂದೊಂದರಲ್ಲೂ ನಾಲ್ಕು ಕ್ಷಿಪಣಿ. ಟಾರ್ಪಿಡೊ ಕೊಳವೆ ಇರಲೇ ಇಲ್ಲ. ಹೊಡೆದದ್ದು ರಾತ್ರಿ, ರಡಾರ್‌ನಲ್ಲಿ ಗುರಿ ಹಿಡಿದು, ಮೈಲುಗಟ್ಟಲೆ ದೂರದಿಂದ. ಬಿಸಿಲಲ್ಲಿ ಪಕ್ಕದಿಂದ ಚಿತ್ರೀಕರಿಸುವ ಮಾತೇ ಬರುವುದಿಲ್ಲ. ಎರಡೂ ಅಸ್ತ್ರ ಹೊತ್ತ ದೋಣಿಗಳೂ ಉಂಟು: ನಾರ್ವೆಯ ಹೌಕ್, ಸ್ವೀಡನ್ನಿನ ನೋರ್ಶೋಪಿಂಗ್ ವರ್ಗ. ಆದರೆ ಅವು ನೀರಿಗಿಳಿದದ್ದೇ 1971ರ ನಂತರ.

ನೀವೇ ಪರೀಕ್ಷಿಸಬಹುದು. ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡಿ. ಹಳೆಯ ಪ್ರತಿಗಳಿದ್ದರೆ ಹೆಚ್ಚಾಗಿ ಸಿಗುತ್ತವೆ. ಅಲೆಗಳನ್ನೂ ಗಮನಿಸಿ. ಒಂದೇ ಆಕಾರ ಮತ್ತೆ ಮತ್ತೆ ಬಂದರೆ, ಕ್ಯಾಮೆರಾ ಕ್ಷಿಪಣಿಯ ಬೆನ್ನಿಗೇ ಹಾರುತ್ತಿದ್ದರೆ, ಅದು ಬಹುತೇಕ ಕಂಪ್ಯೂಟರ್ ಗೇಮ್.