ಚಿತ್ರ ಚೆನ್ನಾಗಿದೆ, ಸರಿ, ಆಮೇಲೆ?

"ಸುಮ್ನೆ ಎಂಜಾಯ್ ಮಾಡೋದು ಬಿಟ್ಟು ಪೋಸ್ಟ್‌ಮಾರ್ಟಂ ಯಾಕೋ ಮಾಡ್ತೀಯ? ಅದೇನು ಅವಾರ್ಡ್ ಪಿಕ್ಚರ್ರಾ?" ನಮ್ಮೂರು ದಾವಣಗೆರೆಯ ಗೆಳೆಯ ಫೋನಿನಲ್ಲಿ ಹೀಗಂದಾಗ ಚುರುಕ್ಕೆಂದಿತು. ನಾನು ಕೇಳಿದ್ದು ಒಂದು ಸಿನಿಮಾ ಬಗ್ಗೆ ಸಣ್ಣ ಪ್ರಶ್ನೆ. ಅದೂ ನನ್ನದಲ್ಲ, ನಾನೀಗ ಇರುವ ಕೇರಳದ ಕಾಸರಗೋಡಿನ ಚಾಯದಂಗಡಿಯಲ್ಲಿ ಹುಟ್ಟಿದ್ದು.

2018ರಲ್ಲಿ ರಿಷಬ್ ಶೆಟ್ಟರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಸಿನಿಮಾ ಬಂದಾಗ ಇಲ್ಲಿನ ಕನ್ನಡಿಗರಿಗೆ ಹಬ್ಬ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರುವ ಸಂಕಟ ಇಲ್ಲಿ ಎಲ್ಲರಿಗೂ ಗೊತ್ತು. ನಕ್ಕೆವು, ಕಣ್ಣೊರೆಸಿಕೊಂಡೆವು. ಮರುದಿನ ಅಂಗಡಿಯವರು ಚಾಯವನ್ನು ಎತ್ತಿ ಹೊಯ್ಯುತ್ತಲೇ ಕೇಳಿದರು: "ಮಕ್ಕಳ ಕಷ್ಟ ಸರಿ ಮಾರಾಯ್ರೆ. ಆದ್ರೆ ಆ ಮಲಯಾಳಿ ಮೇಷ್ಟ್ರನ್ನು ಜೋಕರ್ ಮಾಡಿದ್ದು ಯಾಕೆ? ಅವನೂ ಆರ್ಡರ್ ಬಂತೂಂತ ಬಂದವನಲ್ವಾ? ಅವನ ಕಷ್ಟವನ್ನೂ ತೋರಿಸಿದ್ರೆ ಕೊನೆಗೆ ಬರುವ ಕೋರ್ಟಿನ ಸೀನಿಗೆ ಇನ್ನೂ ತೂಕ ಬರ್ತಿತ್ತು." ಪಕ್ಕದ ಬೆಂಚಿನವನು ಒಪ್ಪಲಿಲ್ಲ. ಮಕ್ಕಳ ಕಣ್ಣಿನಿಂದ ನೋಡಿದರೆ ಮೇಷ್ಟ್ರು ಹಾಗೇ ಕಾಣೋದು ಅಂದ. ಬಸ್ಸು ಬರುವವರೆಗೂ ಇದೇ ಜಗಳ. ಮೋಹನ್‌ಲಾಲ್ ಸಿನಿಮಾಗೆ ಇವರೂ ಕುಣಿಯುವವರೇ. ಆದರೆ ಕುಣಿದವರಿಗೆ ಕಥೆಯ ಬಗ್ಗೆ ಕೇಳುವ ಹಕ್ಕಿಲ್ಲ ಅಂತ ಇಲ್ಲಿ ಯಾರೂ ಹೇಳಲ್ಲ.

ನಮ್ಮ ಕಡೆ? ಸಿನಿಮಾ ಹೇಗಿದೆ ಅಂದರೆ ಸೂಪರ್, ಇಲ್ಲವೇ ಲ್ಯಾಗು. ಅದು ಮುಗಿದರೆ ಕಲೆಕ್ಷನ್ ಎಷ್ಟು ಅನ್ನುವ ಲೆಕ್ಕ, ನಿರ್ಮಾಪಕ ನಮ್ಮ ಚಿಕ್ಕಪ್ಪ ಅನ್ನುವ ಹಾಗೆ. ವಿಮರ್ಶೆ ಬರೆಯುವವರೂ ಕಥೆ ಅರ್ಧ ಹೇಳಿ, ಛಾಯಾಗ್ರಹಣ ಕಣ್ಣಿಗೆ ಹಬ್ಬ ಅಂದು, ಮೂರೂವರೆ ಸ್ಟಾರ್ ಕೊಟ್ಟು ಎದ್ದುಬಿಡುತ್ತಾರೆ. ಸ್ವಲ್ಪ ಖಾರವಾಗಿ ಬರೆದರೋ, ಕನ್ನಡ ದ್ರೋಹಿ! ಇನ್ನು ಕಲಾತ್ಮಕ ಚಿತ್ರಗಳಿಗೆ ನಾವು ಮಾಡುವುದು ಬೇರೆಯೇ ಮರ್ಯಾದೆ. 1970ರ 'ಸಂಸ್ಕಾರ'ಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು, ನಿರ್ದೇಶಕ ಗಿರೀಶ ಕಾಸರವಳ್ಳಿಯವರೊಬ್ಬರೇ ನಾಲ್ಕು ತಂದರು. ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ನೋಡುವುದಿಲ್ಲ.

ಹೀಗೆ ಕಥೆಯನ್ನು ಕೆದಕಿ ಕೇಳುವುದು ಕೇರಳದವರಿಗೂ ಹುಟ್ಟುಗುಣವೇನಲ್ಲ. 1965ರಲ್ಲಿ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಮತ್ತು ಜೊತೆಗಾರರು ತಿರುವನಂತಪುರದಲ್ಲಿ ಒಳ್ಳೆಯ ಸಿನಿಮಾ ತೋರಿಸಿ ಚರ್ಚಿಸುವ 'ಚಿತ್ರಲೇಖ' ಫಿಲ್ಮ್ ಸೊಸೈಟಿ ಕಟ್ಟಿದರು. ಆಮೇಲೆ ಸಣ್ಣ ಊರುಗಳಲ್ಲೂ ಸೊಸೈಟಿಗಳು ಹುಟ್ಟಿದವು. ಮಲಯಾಳಂ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಎಂಬ ಸಿನಿಮಾ ಬಳಗದವರು ಜನರಿಂದಲೇ ದುಡ್ಡು ಎತ್ತಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದರು. ನನ್ನ ಸಹೋದ್ಯೋಗಿಯೊಬ್ಬರು ಡಿಸೆಂಬರಿನ ಚಿತ್ರೋತ್ಸವಕ್ಕೆ ತಿರುವನಂತಪುರಕ್ಕೆ ಹೋಗಲು, ಶಬರಿಮಲೆಗೆ ಹೋಗುವಷ್ಟೇ ಭಕ್ತಿಯಿಂದ ರಜೆ ಹಾಕುತ್ತಾರೆ. ಇರಾನಿನ ಸಿನಿಮಾ ನೋಡಿ ಬಂದು ನಮ್ಮ ತಲೆ ತಿನ್ನುತ್ತಾರೆ, ಅದು ಬೇರೆ ಮಾತು.

ಹಾಗಂತ ಇದು ಮಲಯಾಳಿಗಳ ಸ್ವತ್ತು ಅಂದುಕೊಳ್ಳಬೇಡಿ. ಇಲ್ಲೇ ಬದಿಯಡ್ಕದ ಕಡೆ ಯಕ್ಷಗಾನದ ಆಟ ಮುಗಿದ ಮೇಲೆ ನಿಂತು ಕೇಳಿ. ಅಡಿಕೆ ತೋಟದ ಯಜಮಾನರೊಬ್ಬರು ಎಲೆ ಮೆಲ್ಲುತ್ತಾ ಹೇಳಿದ್ದು: "ಇವತ್ತು ಕರ್ಣ ಬೇಗ ಅತ್ತುಬಿಟ್ಟ. ಶಲ್ಯ ರಥ ಬಿಟ್ಟು ಇಳಿಯುವಾಗಲೇ ಅಷ್ಟು ಅತ್ತರೆ, ಆಮೇಲೆ ಕೃಷ್ಣನ ಎದುರು ಅಳ್ಲಿಕ್ಕೆ ಉಂಟಾ ಏನಾದ್ರೂ?" ಇದಕ್ಕಿಂತ ಚುರುಕಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ಅವರು ಹಾಸ್ಯಗಾರನಿಗೆ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕವರೂ ಹೌದು. ಆಟ ಮನರಂಜನೆಯೋ ಕಲೆಯೋ ಅಂತ ಕೇಳಿದ್ದರೆ ನನಗೆ ಪಿತ್ತ ಕೆದರಿದೆ ಅಂದುಕೊಳ್ಳುತ್ತಿದ್ದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲೇ ಪಕ್ಕದಲ್ಲಿದೆ. ಅಂದರೆ ಕನ್ನಡದವರಿಗೆ ಕೊಂಕು ತೆಗೆಯಲು ಬರುತ್ತದೆ. ಥಿಯೇಟರಿಗೆ ಹೋಗುವಾಗ ಮಾತ್ರ ಅದನ್ನು ಮನೆಯಲ್ಲಿಟ್ಟು ಹೋಗುತ್ತೇವೆ.

ಗೆಳೆಯನ ಪರವಾಗಿಯೂ ಒಂದೆರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಊರಿಗೆ ಹೋದಾಗ ಬೆಣ್ಣೆದೋಸೆ ಕೊಡಿಸಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂನ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಜಗತ್ತಿನ ಸಿನಿಮಾ ತೋರಿಸಿದ್ದರು. ಇತ್ತ ಕೇರಳದಲ್ಲೂ ಎಲ್ಲವೂ ಚಾಯದಂಗಡಿಯ ಜಗಳದಷ್ಟು ಸಭ್ಯವಾಗಿಲ್ಲ. ಆನ್‌ಲೈನ್ ವಿಮರ್ಶೆಗಳು ಸಿನಿಮಾ ಕೊಲ್ಲುತ್ತವೆ ಅನ್ನುವ ದೂರು 2023ರಲ್ಲಿ ಹೈಕೋರ್ಟಿನವರೆಗೂ ಹೋಯಿತು. ಇನ್ನೊಂದು, ನಿಜ ಹೇಳುತ್ತೇನೆ: ಫಸ್ಟ್ ಡೇ ಫಸ್ಟ್ ಶೋ, ಕಟೌಟಿಗೆ ಹಾರ, ಹೀರೋ ಎಂಟ್ರಿಗೆ ಪರದೆಗೆ ತೂರುವ ಚಿಲ್ಲರೆ, ಆ ಗದ್ದಲದಲ್ಲಿ ಡೈಲಾಗೇ ಕೇಳಿಸದಿರುವುದು, ಇದು ದಾವಣಗೆರೆಯಲ್ಲಿ ಸಿಗುವ ಹಾಗೆ ನನಗೆ ಇಲ್ಲಿ ಸಿಕ್ಕಿಲ್ಲ. ಮುಂದಿನ ಸಲ ಅವನ ಜೊತೆಗೇ ಹೋಗುತ್ತೇನೆ, ಶಿಳ್ಳೆಯನ್ನೂ ಹೊಡೆಯುತ್ತೇನೆ. ಆಮೇಲೆ ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಕೂತಾಗ ಇಂಟರ್ವಲ್ ಆದಮೇಲೆ ಹೀರೋಯಿನ್ ಎಲ್ಲಿಗೆ ಹೋದಳು ಅಂತ ಕೇಳುತ್ತೇನೆ. ಅವನು ಬೈಯಲಿ.