ಬ್ರಹ್ಮಕಲಶಕ್ಕೆ ಹೆಲಿಕಾಪ್ಟರ್ ಬೇಡ ಅಂದದ್ದು ಯಾಕೆ

ನಮ್ಮೂರಿನ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಹೆಲಿಕಾಪ್ಟರ್‌ನಿಂದ ಹೂ ಸುರಿಸುವ ಯೋಚನೆ ಬಂದದ್ದು ಸಮಿತಿಯ ಮೂರನೇ ಸಭೆಯಲ್ಲಿ. ಬಾಡಿಗೆ ಪೂರ್ತಿ ನಾನೇ ಕೊಡುತ್ತೇನೆ ಅಂತ ದಾನಿಯೊಬ್ಬರು ಹೇಳಿದ್ದರು. ಎಲ್ಲರ ಮುಖ ಅರಳಿತು. ನಾನೊಬ್ಬ ಚಹಾದ ಲೋಟ ಕೆಳಗಿಟ್ಟು ಬೇಡ ಅಂದೆ. ಆಮೇಲೆ ದಾರಿಯಲ್ಲಿ ಸಿಕ್ಕವರೆಲ್ಲ "ನಿಮಗೆ ಎಂತ ಆಯ್ತು ಮಾರಾಯ್ರೆ" ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಹದಿನೈದು ವರ್ಷ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದವ. ಪೈಲಟ್ ಅಲ್ಲ, ಗ್ರೀಸ್ ಮೆತ್ತಿಕೊಂಡವ. ಜಾಸ್ತಿ ಕೆಲಸ ಮಾಡಿದ್ದು ಚೇತಕ್ ಅನ್ನುವ ಒಂದೇ ಇಂಜಿನ್‌ನ ಸಣ್ಣ ಹೆಲಿಕಾಪ್ಟರ್ ಮೇಲೆ. ಈಗ ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತೇನೆ.

ಸಭೆಯಲ್ಲಿ ನಮ್ಮ ಕಾರ್ಯದರ್ಶಿಗಳು ಕೇಳಿದ ಪ್ರಶ್ನೆ ಹೀಗಿತ್ತು: "ನೀವೇ ಹೆಲಿಕಾಪ್ಟರಲ್ಲಿ ಇದ್ದವರು, ನೀವೇ ಹೆದರಿದ್ರೆ ಹೇಗೆ? ಅದು ಮೋಡದ ಮೇಲೆ ಹೋಗುದಿಲ್ಲ ಮಾರಾಯ್ರೆ. ತೆಂಗಿನ ಮರದಿಂದ ಸ್ವಲ್ಪ ಮೇಲೆ ನಿಲ್ಲಿಸ್ತಾರೆ. ಬಿದ್ರೂ ಎಷ್ಟು ಬೀಳ್ತದೆ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಆದರೆ ಹೆಚ್ಚಿನವರ ತಲೆಯಲ್ಲಿ ಇರುವುದು ಇದೇ ಲೆಕ್ಕ ಅಲ್ವಾ? ಕೆಳಗೆ ಇದ್ದರೆ ಸೇಫ್, ಮೇಲೆ ಹೋದಷ್ಟು ಅಪಾಯ. ಹೆಲಿಕಾಪ್ಟರಿನಲ್ಲಿ ಈ ಲೆಕ್ಕ ಉಲ್ಟಾ.

ಕಿರಾಲ್‌ಬೋಗಿ ಮರದ ಬೀಜ ನೋಡಿದ್ದೀರಾ? ನಮ್ಮ ಗರ್ಭಗುಡಿಯ ತೊಲೆಗೆ ಹಾಕಿದ ಅದೇ ಮರ. ಬೀಜಕ್ಕೆ ಎರಡು ಉದ್ದ ರೆಕ್ಕೆ ಇರುತ್ತವೆ. ಮೇಲಿಂದ ಉದುರಿದಾಗ ಧೊಪ್ಪೆಂದು ಬೀಳುವುದಿಲ್ಲ, ಗಿರಗಿರ ತಿರುಗುತ್ತಾ ನಿಧಾನ ಇಳಿಯುತ್ತದೆ. ಅದಕ್ಕೆ ಯಾವ ಇಂಜಿನ್ ಉಂಟು? ಕೆಳಗಿಂದ ಮೇಲೆ ಬರುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಇಂಜಿನ್ ನಿಂತ ಹೆಲಿಕಾಪ್ಟರ್ ಇಳಿಯುವುದೂ ಹೀಗೆಯೇ. ಇದಕ್ಕೆ ಆಟೋರೊಟೇಶನ್ ಅನ್ನುತ್ತಾರೆ. ಇಂಜಿನ್‌ಗೂ ರೆಕ್ಕೆಗೂ ನಡುವೆ ಸೈಕಲ್ಲಿನ ಫ್ರೀ ವೀಲ್ ಥರದ ಒಂದು ಏರ್ಪಾಡು ಇರುತ್ತದೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗುತ್ತದಲ್ಲ, ಹಾಗೆ. ಇಂಜಿನ್ ನಿಂತ ತಕ್ಷಣ ಪೈಲಟ್ ಎಡಗೈಯ ಕಲೆಕ್ಟಿವ್ ಅನ್ನುವ ಹಿಡಿಕೆಯನ್ನು ಪೂರ್ತಿ ಕೆಳಗೆ ಒತ್ತಬೇಕು. ಆಗ ರೆಕ್ಕೆಯ ಓರೆ ಕಡಿಮೆಯಾಗಿ, ಗಾಳಿಗೆ ತಿರುಗುತ್ತಲೇ ಇರುತ್ತದೆ. ಹಗುರ ಹೆಲಿಕಾಪ್ಟರ್‌ಗಳಲ್ಲಿ ಇದಕ್ಕೆ ಸಿಗುವ ಸಮಯ ಒಂದೆರಡು ಸೆಕೆಂಡ್. ತಡ ಮಾಡಿದರೆ ರೆಕ್ಕೆಯ ಓಟ ಕುಗ್ಗುತ್ತದೆ, ಮತ್ತೆ ಏನು ಮಾಡಿದರೂ ಅದು ಏಳುವುದಿಲ್ಲ.

ನೆಲ ಹತ್ತಿರ ಬಂದಾಗ ಪೈಲಟ್ ಮೂಗನ್ನು ಮೇಲೆತ್ತುತ್ತಾನೆ. ಮುಂದಕ್ಕೆ ಹೋಗುತ್ತಿದ್ದ ವೇಗವೆಲ್ಲ ರೆಕ್ಕೆಗೆ ಸಿಕ್ಕಿ ಅದರ ಓಟ ಜಾಸ್ತಿಯಾಗುತ್ತದೆ. ಕೊನೆಯಲ್ಲಿ ಕಲೆಕ್ಟಿವ್ ಎಳೆದು ಮೆತ್ತಗೆ ಕೂರಿಸುತ್ತಾನೆ. ಆ ಎಳೆತ ಒಂದೇ ಸಲ, ಎರಡನೇ ಸಲಕ್ಕೆ ರೆಕ್ಕೆಯಲ್ಲಿ ಏನೂ ಉಳಿದಿರುವುದಿಲ್ಲ.

ಇಷ್ಟಕ್ಕೂ ಬೇಕಾದದ್ದು ಎತ್ತರ, ಇಲ್ಲವೇ ವೇಗ. ಹೂ ಸುರಿಸುವವನ ಕೈಯಲ್ಲಿ ಎರಡೂ ಇಲ್ಲ. 150 ಅಡಿಯಲ್ಲಿ ಅಲ್ಲಾಡದೆ ನಿಂತಿದ್ದಾನೆ. ಆ ಎತ್ತರದಿಂದ ಕಲ್ಲು ಬಿಟ್ಟರೆ ನೆಲ ಮುಟ್ಟಲಿಕ್ಕೆ ಮೂರು ಸೆಕೆಂಡ್. ಇಂಜಿನ್ ನಿಂತಿದೆ ಅಂತ ಪೈಲಟ್‌ಗೆ ಗೊತ್ತಾಗುವಷ್ಟರಲ್ಲಿ ಅದರಲ್ಲಿ ಒಂದು ಹೋಗಿರುತ್ತದೆ. ಹೆಲಿಕಾಪ್ಟರ್‌ಗಳ ಕೈಪಿಡಿಯಲ್ಲಿ ಇದಕ್ಕೊಂದು ನಕ್ಷೆ ಇದೆ. ಯಾವ ಎತ್ತರದಲ್ಲಿ, ಎಷ್ಟು ವೇಗದಲ್ಲಿ ಇರಬಾರದು ಅಂತ ಗೆರೆ ಹಾಕಿ ತೋರಿಸಿದ್ದು. ಪೈಲಟ್‌ಗಳು ಅದನ್ನು ಡೆಡ್ ಮ್ಯಾನ್ಸ್ ಕರ್ವ್ ಅನ್ನುತ್ತಾರೆ. ಒಂದೇ ಇಂಜಿನ್ ಇರುವ ಹೆಲಿಕಾಪ್ಟರ್ ನಿಂತಲ್ಲೇ ನಿಂತಿದ್ದರೆ, ಸಾಧಾರಣ 10 ಅಡಿಯಿಂದ 400-500 ಅಡಿವರೆಗೆ ಆ ಗೆರೆಯ ಒಳಗೇ ಬರುತ್ತದೆ. ಮಾಡೆಲ್ ಮೇಲೆ, ಭಾರದ ಮೇಲೆ ಸ್ವಲ್ಪ ಹೆಚ್ಚುಕಡಿಮೆ. ನಮ್ಮ ಕಾರ್ಯದರ್ಶಿಗಳು ಹೇಳಿದ "ತೆಂಗಿನ ಮರದಿಂದ ಸ್ವಲ್ಪ ಮೇಲೆ" ಅನ್ನುವ ಜಾಗ ಇದೆಯಲ್ಲ, ಅದು ಆ ಗೆರೆಯ ನಟ್ಟನಡುವೆ.

ಇನ್ನೊಂದು ವಿಷಯ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದು ಸುಮ್ನೆ ನಿಂತ ಹಾಗೆ ಕಾಣುತ್ತದೆ, ಆದರೆ ಇಂಜಿನ್‌ಗೆ ಅತಿ ಹೆಚ್ಚು ದುಡಿತ ಅದೇ. ಮುಂದಕ್ಕೆ ಹಾರುವಾಗ ಇಷ್ಟು ಶಕ್ತಿ ಬೇಡ. ನಮ್ಮ ಕಡೆ ಬ್ರಹ್ಮಕಲಶಗಳ ಕಾಲ ಯಾವುದು? ಹೆಚ್ಚಿನವು ಫೆಬ್ರವರಿಯಿಂದ ಮೇವರೆಗೆ. ಆ ಸೆಖೆಗೆ ಗಾಳಿಯೂ ತೆಳುವಾಗಿರುತ್ತದೆ, ರೆಕ್ಕೆಗೆ ಹಿಡಿತ ಕಡಿಮೆ.

"ಎರಡು ಇಂಜಿನ್ ಇರುವುದನ್ನೇ ತರಿಸುವ" ಅಂದರು ದಾನಿಗಳು. ಒಳ್ಳೆಯ ಮಾತು. ಒಂದು ನಿಂತರೆ ಇನ್ನೊಂದು ಉಂಟು. ಆದರೆ ಇಂಜಿನ್ನಿನ ಶಕ್ತಿಯನ್ನು ರೆಕ್ಕೆಗೆ ಮುಟ್ಟಿಸುವ ಗೇರ್‌ಬಾಕ್ಸ್ ಎಷ್ಟು? ಒಂದೇ. ಹೆಲಿಕಾಪ್ಟರಿನ ಮೈ ಸುತ್ತದ ಹಾಗೆ ತಡೆಯುವ ಬಾಲದ ರೋಟರ್, ಅಂದರೆ ಬಾಲದ ಸಣ್ಣ ರೆಕ್ಕೆ? ಅದೂ ಒಂದೇ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2018ರ ಅಕ್ಟೋಬರ್ 27ರಂದು ಬಿದ್ದದ್ದು ಎರಡು ಇಂಜಿನ್‌ನ ಹೊಸ ಮಾದರಿಯ ಹೆಲಿಕಾಪ್ಟರ್. ಫುಟ್‌ಬಾಲ್ ಸ್ಟೇಡಿಯಂ ಒಳಗಿಂದ ಎದ್ದು ಸುಮಾರು 430 ಅಡಿ ಏರಿತ್ತು. ಬಾಲದ ರೋಟರಿನ ಒಂದು ಬೇರಿಂಗ್ ಹಿಡಿದುಕೊಂಡಿತು. ಹೆಲಿಕಾಪ್ಟರ್ ಬುಗುರಿಯ ಹಾಗೆ ಸುತ್ತುತ್ತಾ ಬಿತ್ತು, ಐದೂ ಜನ ಹೋದರು. ಇಂಜಿನ್ ಎರಡೂ ಸರಿಯಾಗಿಯೇ ಇದ್ದವು. ಒಂದು ಬೇರಿಂಗ್! ನಾನು ದಿನಾ ಬೋಟಿನಲ್ಲಿ ಬೇರಿಂಗ್ ಬದಲಾಯಿಸುತ್ತೇನೆ. ಬೋಟಿನಲ್ಲಿ ಬೇರಿಂಗ್ ಕೆಟ್ಟರೆ ಲಂಗರು ಹಾಕಿ ಪಕ್ಕದ ಬೋಟಿಗೆ ಫೋನ್ ಮಾಡುತ್ತಾರೆ, ಅಷ್ಟೇ.

ನಮ್ಮದೇ ಧ್ರುವ್ ನೋಡಿ, ಬೆಂಗಳೂರಿನ ಎಚ್‌ಎಎಲ್ ಮಾಡಿದ್ದು, ಇದಕ್ಕೂ ಇಂಜಿನ್ ಎರಡು. 2025ರ ಜನವರಿ 5ರಂದು ಪೋರಬಂದರ್ ವಿಮಾನ ನಿಲ್ದಾಣದಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದು ಮೂವರು ತೀರಿಕೊಂಡರು. ಸ್ವಾಶ್‌ಪ್ಲೇಟ್ ಮುರಿದಿತ್ತು ಅಂತ ತನಿಖೆಯಲ್ಲಿ ಬಂತು. ಪೈಲಟ್‌ನ ಕೈಯ ಚಲನೆಯನ್ನು ತಿರುಗುವ ರೆಕ್ಕೆಗೆ ಮುಟ್ಟಿಸುವ ತಟ್ಟೆ ಅದು. ಅದು ಹೋದರೆ ಪೈಲಟ್ ಕೈಯಲ್ಲಿ ಕೋಲು ಮಾತ್ರ ಉಳಿಯುತ್ತದೆ. ದೇಶದ ಧ್ರುವ್‌ಗಳನ್ನೆಲ್ಲ ತಿಂಗಳುಗಟ್ಟಲೆ ನೆಲಕ್ಕಿಳಿಸಿದ್ದು ಸುಮ್ನೆ ಅಲ್ಲ. ಅದಕ್ಕೂ ಮೊದಲು, 2023ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಇನ್ನೊಂದು ಧ್ರುವ್ ನೆಲದಿಂದ 30-40 ಅಡಿ ಎದ್ದಾಗಲೇ ಕಂಟ್ರೋಲ್ ಕೇಳಲಿಲ್ಲ. ಪೈಲಟ್ ಆ ಸ್ಥಿತಿಯಲ್ಲೂ ಮುಖ್ಯ ರನ್‌ವೇಯಿಂದ ಆಚೆ ಎಳೆದು ಬೀಳಿಸಿದ. ಮೂವರೂ ಬದುಕಿದರು. ಅಲ್ಲಿ ಪಕ್ಕಕ್ಕೆ ಖಾಲಿ ಜಾಗ ಇತ್ತು. ನಮ್ಮಲ್ಲಿ ಪಕ್ಕಕ್ಕೆ ಏನಿರುತ್ತದೆ? ಅನ್ನಛತ್ರದ ಚಪ್ಪರ, ಅದರೊಳಗೆ ಪಂಕ್ತಿಯಲ್ಲಿ ಕೂತ ಜನ.

ಇಷ್ಟು ಓದಿದವರು ಹೆಲಿಕಾಪ್ಟರ್ ಅಂದರೆ ಹಾರುವ ಶವಪೆಟ್ಟಿಗೆ ಅಂದುಕೊಳ್ಳಬೇಡಿ. ಹಾಗಿಲ್ಲ. ನಮ್ಮ ದಿನ ಶುರುವಾಗುತ್ತಿದ್ದದ್ದೇ ಗೇರ್‌ಬಾಕ್ಸಿನ ಮ್ಯಾಗ್ನೆಟಿಕ್ ಪ್ಲಗ್‌ನಿಂದ. ಎಣ್ಣೆಯೊಳಗೆ ಇಳಿಬಿಟ್ಟ ಕಿರುಬೆರಳಿನಷ್ಟು ಆಯಸ್ಕಾಂತ. ಅದನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಒರೆಸಿ ಬಿಸಿಲಿಗೆ ಹಿಡಿಯುವುದು. ಕಾಡಿಗೆಯಷ್ಟು ನುಣ್ಣಗಿನ ಪುಡಿ ಇದ್ದರೆ ಮಾಮೂಲಿ ಸವೆತ. ಮೀನಿನ ಹುರುಪೆಯ ಹಾಗೆ ಒಂದು ಚೂರು ಮಿಂಚಿತೋ, ಅವತ್ತು ಅದು ಹಾರುವುದಿಲ್ಲ. ಯಾವ ಸಾಹೇಬರು ಕಾಯುತ್ತಿದ್ದರೂ ಇಲ್ಲ. ಒಂದು ಬೆಳಗ್ಗೆ ನನ್ನ ಬಟ್ಟೆಯ ಮೇಲೆ ಅಂಥದ್ದೊಂದು ಚೂರು ಬಂದಿತ್ತು. ಅಕ್ಕಿಯ ನುಚ್ಚಿಗಿಂತ ಸಣ್ಣದು. ಗೇರ್‌ಬಾಕ್ಸ್ ಇಳಿಸಿದೆವು. ಆ ದಿನ ಹಾರಬೇಕಿದ್ದ ಪೈಲಟ್ ಸಂಜೆ ಬಂದು, ಏನೂ ಹೇಳದೆ ನನಗೊಂದು ಚಹಾ ಕೊಡಿಸಿ ಹೋದರು.

ಆ ಪ್ಲಗ್ ಎಲ್ಲವನ್ನೂ ಹೇಳುವುದಿಲ್ಲ ಅನ್ನುವುದೂ ನಿಜ. 2016ರ ಏಪ್ರಿಲ್‌ನಲ್ಲಿ ನಾರ್ವೆಯಲ್ಲಿ ತೈಲ ಬಾವಿಯಿಂದ ಬರುತ್ತಿದ್ದ ಹೆಲಿಕಾಪ್ಟರಿನ ಗೇರ್ ಒಳಗಿಂದೊಳಗೇ ಬಿರುಕು ಬಿಟ್ಟಿತ್ತು, ಯಾವ ಎಚ್ಚರಿಕೆಯೂ ಕಾಣಲಿಲ್ಲ. ಮೇಲಿನ ರೋಟರೇ ಕಳಚಿ ಹೋಯಿತು, 13 ಜನ ಸತ್ತರು. ಅಂಥದ್ದಕ್ಕೆ ಎತ್ತರ ಇದ್ದರೂ ಪ್ರಯೋಜನ ಇಲ್ಲ. ಆದರೆ ಇಂಥವು ಅಪರೂಪ. ಇಂಜಿನ್ ಕೈಕೊಟ್ಟರೆ ಎತ್ತರ ಕಾಪಾಡುತ್ತದೆ. ಆ ಎತ್ತರವನ್ನು ನಾವೇ ಕೇಳಿ ಕಿತ್ತುಕೊಳ್ಳುವುದು ಯಾಕೆ ಅನ್ನುವುದಷ್ಟೇ ನನ್ನ ತಕರಾರು.

ಯಂತ್ರ ಸರಿಯಿದ್ದರೂ ಕೆಳಗೆ ತಂಟೆ ತಪ್ಪಿದ್ದಲ್ಲ. ಉತ್ತರಾಖಂಡದಲ್ಲಿ 2025ರ ಮೇ 8ರಂದು ಒಂದು ಹೆಲಿಕಾಪ್ಟರ್ ರಸ್ತೆಯ ಮೇಲೆ ಇಳಿಯಲು ಹೋಗಿ, ಅದರ ರೆಕ್ಕೆ ಮೇಲೆ ಹಾದುಹೋದ ಕೇಬಲ್‌ಗೆ ಬಡಿಯಿತು. ಆರು ಜನ ಸತ್ತರು. ನಮ್ಮ ದೇವಸ್ಥಾನದ ಗದ್ದೆಯಲ್ಲಿ ನಿಂತು ತಲೆಯೆತ್ತಿ ಲೆಕ್ಕ ಮಾಡಿ: ಮೆಸ್ಕಾಂನ ಕರೆಂಟ್ ಲೈನು, ಕೇಬಲ್‌ನವರ ವಯರು, ಮರದಿಂದ ಮರಕ್ಕೆ ಕಟ್ಟಿದ ಬಂಟಿಂಗ್ಸ್. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆಗಳು ಎದ್ದು ಹಾರಾಡಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಪೈಲಟ್ ಇಳಿಸದೆ ಮೇಲೆದ್ದದ್ದು ಒಳ್ಳೆಯದಾಯಿತು. ನಮ್ಮ ಚಪ್ಪರಕ್ಕೆ ಹೊದಿಸುವುದು ಯಾವುದು? ಟರ್ಪಾಲು.

ಕಾನೂನು ಕೂಡ ಹೇಳುವುದು ಇದನ್ನೇ. ಊರಿನ ಮೇಲೆ, ಜನ ಸೇರಿದ ಜಾಗದ ಮೇಲೆ ಸಾಮಾನ್ಯವಾಗಿ 1000 ಅಡಿಗಿಂತ ಕೆಳಗೆ ಹಾರುವ ಹಾಗಿಲ್ಲ. ಹೂ ಸುರಿಸಲಿಕ್ಕೆ ವಿಶೇಷ ಅನುಮತಿ ಬೇಕು. ಅನುಮತಿ ಸಿಗುತ್ತದೆ, ನನಗೆ ಗೊತ್ತು. ಕಾಗದಕ್ಕೆ ಸೀಲು ಬಿದ್ದರೆ ಮೂರು ಸೆಕೆಂಡ್ ನಾಲ್ಕಾಗುತ್ತದಾ?

ಇಲ್ಲಿ ಒಬ್ಬರು ಕೇಳಿದರು, "ಹಾಗಾದ್ರೆ ನೇವಿಯವರು ಕೆಳಗೆ ನಿಲ್ಲಿಸುದಿಲ್ವಾ?" ನಿಲ್ಲಿಸುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿ ಹತ್ತಿರದ ಬಂಡೆಗೆ ಸಿಕ್ಕಿಕೊಂಡ ಟಗ್, ಅಂದರೆ ಹಡಗು ಎಳೆಯುವ ಬೋಟು, ನೆನಪಿದೆಯಾ? ಒಂಬತ್ತು ಜನ ಅದರಲ್ಲಿ. ಐವರನ್ನು ಕೋಸ್ಟ್ ಗಾರ್ಡ್‌ನವರು ತಂದರು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಎತ್ತಿಕೊಂಡು ಬಂತು. ಆ ಗಾಳಿಗೆ, ಆ ಸಮುದ್ರದ ಮೇಲೆ, ಕೆಳಗೆ ಒಂದೇ ಕಡೆ ನಿಂತು, ಹಗ್ಗ ಇಳಿಸಿ. ಅವತ್ತು ನಾನು ಮನೆಯಲ್ಲಿ ಟಿವಿ ಮುಂದೆ ನಿಂತಲ್ಲೇ ನಿಂತಿದ್ದೆ. ಹೆಂಡತಿ ಊಟಕ್ಕೆ ಕರೆದದ್ದು ಕೇಳಲಿಲ್ಲ. ಆ ಪೈಲಟ್‌ಗೆ ಆ ನಕ್ಷೆಯ ಗೆರೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಒಳಗೆ ಹೋದ, ನಾಲ್ಕು ಜೀವಕ್ಕೆ. ಅದೇ ಗೆರೆಯೊಳಗೆ ಸೇವಂತಿಗೆ ಎಸಳಿಗೆ, ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಹೋಗು ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಇನ್ನು ಜಾಲಿ ರೈಡಿಗೆ ಹೋಗುವವರು ಧಾರಾಳ ಹೋಗಿ. ಮೇಲಿಂದ ಸೈಂಟ್ ಮೇರೀಸ್ ದ್ವೀಪ, ಅಳಿವೆಬಾಗಿಲು ನೋಡುವುದೇ ಚಂದ. ಆದರೆ "ಸ್ವಲ್ಪ ಕೆಳಗೆ ತನ್ನಿ, ನಮ್ಮ ಮನೆ ಕಾಣ್ತದೆ" ಅಂತ ಮಾತ್ರ ಪೈಲಟ್‌ಗೆ ಹೇಳಬೇಡಿ. ಅವರು ಆಗುವುದಿಲ್ಲ ಅಂದರೆ, ಒಳ್ಳೆಯ ಪೈಲಟ್ ಸಿಕ್ಕಿದ್ದಾನೆ ಅಂತ ಖುಷಿಪಡಿ.

ಸಭೆಯ ವಿಷಯಕ್ಕೆ ಬರುತ್ತೇನೆ. ಇದನ್ನೆಲ್ಲ ಅವತ್ತು ಹೇಳಿದೆ. ಕಿರಾಲ್‌ಬೋಗಿ, ಬೇರಿಂಗ್, ಮೂರು ಸೆಕೆಂಡ್ ಎಲ್ಲ. ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಕಾರ್ಯದರ್ಶಿಗಳು "ಆಯ್ತು, ನಿಮ್ಮ ಅಭಿಪ್ರಾಯ ಬರೆದುಕೊಂಡಿದ್ದೇವೆ" ಅಂದರು. ಅಂದರೆ ಏನು ಅಂತ ನಿಮಗೂ ಗೊತ್ತಲ್ಲ.

ಆಗ ಮಹಿಳಾ ಸಮಿತಿಯ ಹಿರಿಯಕ್ಕ, ಅಲ್ಲಿವರೆಗೆ ಒಂದು ಮಾತೂ ಆಡದೆ ಹೂವಿನ ಬತ್ತಿ ಹೊಸೆಯುತ್ತಾ ಕೂತಿದ್ದವರು, ತಲೆ ಎತ್ತಿ ಕೇಳಿದರು: "ಅಲ್ಲ, ಕಲಶಾಭಿಷೇಕದ ಹೊತ್ತಿಗೆ ಅದು ಗಡಗಡ ಅಂತ ಮೇಲೆ ನಿಂತ್ರೆ ಗರುಡ ಬರ್ತದಾ?"

ಯಾರೂ ಮಾತಾಡಲಿಲ್ಲ. ಬ್ರಹ್ಮಕಲಶದ ದಿನ ಗರುಡ ಬಂದು ಸುತ್ತು ಹಾಕಿತಾ ಇಲ್ಲವಾ ಅನ್ನುವುದು ನಮ್ಮ ಕಡೆ ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕಾಗಿಲ್ಲ. ತಂತ್ರಿಗಳ ಹತ್ತಿರ ಒಂದು ಮಾತು ಕೇಳುವ ಅಂದರು ಒಬ್ಬರು. ಕೇಳುವುದು ಎಂತ ಅಂದರು ಇನ್ನೊಬ್ಬರು. ಹತ್ತು ನಿಮಿಷದಲ್ಲಿ ಹೆಲಿಕಾಪ್ಟರಿನ ದುಡ್ಡು ಅನ್ನಸಂತರ್ಪಣೆಯ ಲೆಕ್ಕಕ್ಕೆ ಹೋಯಿತು. ದಾನಿಗಳೂ ಒಪ್ಪಿದರು.

ಹೊರಗೆ ಬರುವಾಗ ಕಾರ್ಯದರ್ಶಿಗಳು ಹೆಗಲ ಮೇಲೆ ಕೈ ಹಾಕಿ "ಬೇಜಾರು ಮಾಡ್ಬೇಡಿ, ಡ್ರೋನ್ ಆದ್ರೂ ತರಿಸುವ, ಅದ್ರಲ್ಲಿ ಹೂ ಹಾಕ್ಲಿಕ್ಕೆ ಆಗ್ತದಂತೆ" ಅಂದರು. ಡ್ರೋನಿನ ಬ್ಯಾಟರಿ ಬಗ್ಗೆ ಒಂದು ವಿಷಯ ಹೇಳಲಿಕ್ಕಿದೆ ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವರು ಸ್ಕೂಟರ್ ಸ್ಟಾರ್ಟ್ ಮಾಡಿ ಆಗಿತ್ತು.