ಬಾಲದ್ದೇ ತಕರಾರು

ನಿನ್ನೆ ರಾತ್ರಿ ಹತ್ತೂವರೆಗೆ ಮಗಳು ಪೆನ್ಸಿಲ್ ತಂದು ನನ್ನ ಕೈಗೆ ತುರುಕಿದಳು. ಬೆಕ್ಕು ಆಫೀಸಿನಲ್ಲಿ ಕೆಲಸ ಮಾಡುವ ಚಿತ್ರ ಬೇಕಂತೆ. ಬರೆದುಕೊಡದೆ ಮಲಗುವ ಪೈಕಿ ಅಲ್ಲ ಅವಳು. ಮಕ್ಕಳ ಪುಸ್ತಕದಲ್ಲಿ ಕರಡಿ ಪೇಪರ್ ಓದುತ್ತದೆ, ಹಂದಿ ಛತ್ರಿ ಹಿಡಿದು ನಡೆಯುತ್ತದೆ. ನೋಡೋಕೆ ಏನೂ ಕಷ್ಟವಿಲ್ಲ. ಬರೆಯೋಕೆ ಕೂತಾಗ ಗೊತ್ತಾಗುತ್ತದೆ.

ಕನ್ನಡಕ ಹಾಕಿದೆ, ಟೈ ಕಟ್ಟಿದೆ, ಮುಂದೆ ಕಂಪ್ಯೂಟರ್ ಇಟ್ಟೆ. ಬೆಕ್ಕು ನನಗಿಂತ ನೀಟಾಗಿತ್ತು. ಪ್ಯಾಂಟು ತೊಡಿಸಿ ಕುರ್ಚಿ ಮೇಲೆ ಕೂರಿಸಿದೆ ನೋಡಿ, ಶುರುವಾಯಿತು.

"ಅಪ್ಪಾ, ಬಾಲ ಎಲ್ಲಿ?"

"ಪ್ಯಾಂಟಿನ ಒಳಗಿದೆ ಪುಟ್ಟಿ."

"ಅದರ ಮೇಲೇ ಕೂತಿದೆಯಾ? ನೋವಾಗಲ್ವಾ?"

ಪ್ಯಾಂಟಿಗೆ ತೂತು ಕೊರೆದು ಬಾಲವನ್ನು ಹೊರಗೆ ತಂದೆ. ಅದು ಕುರ್ಚಿಯ ಬೆನ್ನಿಗೆ ತಗುಲಿತು. ಕುರ್ಚಿಗೂ ತೂತು ಕೊರೆದೆ. "ಎದ್ದು ಹೋಗುವಾಗ ಸಿಕ್ಕಿಹಾಕಿಕೊಳ್ಳಲ್ವಾ?" ರಬ್ಬರಿನಲ್ಲಿ ಉಜ್ಜಿದೆ. ಪಕ್ಕಕ್ಕೆ ತಿರುಗಿಸಿದರೆ ಬಾಲ ಮೂರನೇ ಕಾಲಿನ ಹಾಗೆ ಕಂಡಿತು. ಮತ್ತೆ ಉಜ್ಜಿದೆ. ಹಾಳೆ ಹರಿದು, ಸರಿಯಾಗಿ ಬೇಕಾದ ಜಾಗದಲ್ಲೇ ನಿಜವಾದ ತೂತು ಬಿತ್ತು. "ಈಗ ಸರಿಹೋಯ್ತು" ಎಂದು ಆರಾಮಾಗಿ ಮಲಗಿಬಿಟ್ಟಳು.

ನನಗೆ ನಿದ್ದೆ ಎಲ್ಲಿಂದ ಬರಬೇಕು? ದೊಡ್ಡ ಚಿತ್ರಕಾರರೆಲ್ಲ ಈ ಬಾಲಕ್ಕೆ ಏನು ಮಾಡಿದ್ದಾರೆ ಅಂತ ಮೊಬೈಲಿನಲ್ಲಿ ಹುಡುಕಿದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 3000 ವರ್ಷಕ್ಕೂ ಹಳೆಯ ಈಜಿಪ್ಟಿನ ಚಿತ್ರವೊಂದಿದೆ. ಸಿಂಹವೂ ಹುಲ್ಲೆಯೂ ಎದುರುಬದುರು ಕೂತು ಮಣೆಯಾಟ ಆಡುತ್ತಿವೆ. ಕೂತಿರುವುದು ಸ್ಟೂಲಿನ ಮೇಲೆ! ಒರಗುವ ಕುರ್ಚಿಯ ತಂಟೆಗೇ ಹೋಗಿಲ್ಲ ಪುಣ್ಯಾತ್ಮ. ಜಪಾನಿನ 12ನೇ ಶತಮಾನದ ಸುರುಳಿ ಚಿತ್ರದಲ್ಲಿ ಕಪ್ಪೆ, ಮೊಲ ಕುಸ್ತಿಗೆ ಬಿದ್ದಿವೆ. ಕಪ್ಪೆಗೆ ಬಾಲವೇ ಇಲ್ಲ, ಮೊಲಕ್ಕೆ ಇದ್ದರೂ ಲೆಕ್ಕಕ್ಕಿಲ್ಲ. ಮಕ್ಕಳ ಕಥೆಗಳನ್ನು ಬರೆದು ಚಿತ್ರ ಬಿಡಿಸಿದ ಇಂಗ್ಲೆಂಡಿನ ಬೀಟ್ರಿಕ್ಸ್ ಪಾಟರ್ 1902ರಲ್ಲಿ ತಮ್ಮ ಕಥೆಯ ಪೀಟರ್ ಎಂಬ ಮೊಲಕ್ಕೆ ನೀಲಿ ಕೋಟು ಹಾಕಿದರು, ಚಡ್ಡಿ ಹಾಕಲಿಲ್ಲ. ಎಲ್ಲರೂ ಉಪಾಯವಾಗಿ ಪಾರಾಗಿದ್ದಾರೆ. ಸುಮ್ನೆ ಪ್ಯಾಂಟು ಹೊಲಿಸಿಕೊಟ್ಟು ಸಿಕ್ಕಿಬಿದ್ದವನು ನಾನೊಬ್ಬನೇ.

ನಾನೂ ಅವಳ ವಯಸ್ಸಿನಲ್ಲಿ ಗಣಿತದ ಪುಸ್ತಕದ ಕೊನೆ ಪುಟದಲ್ಲಿ ಆಡಿನ ಮುಖದ ಮೇಷ್ಟ್ರನ್ನು ಬರೆದಿದ್ದೆ. ಗಡ್ಡ ಇತ್ತು, ಬೆತ್ತ ಇತ್ತು, ಬಾಲ ಮರೆತೇ ಹೋಗಿತ್ತು. ಬೆಂಚಿನಲ್ಲಿದ್ದ ಯಾರೂ ಕೇಳಲಿಲ್ಲ, ಹೊಟ್ಟೆ ಹಿಡಿದು ನಕ್ಕರು ಅಷ್ಟೆ. ಆ ಪುಸ್ತಕ ಎಲ್ಲಿ ಹೋಯಿತೋ.

ಬೆಳಿಗ್ಗೆ ನೋಡಿದರೆ ಮಗಳು ತಾನೇ ಹೊಸ ಬೆಕ್ಕು ಬರೆದು ಮೇಜಿನ ಮೇಲಿಟ್ಟಿದ್ದಳು. ಅದು ತನ್ನ ಬಾಲವನ್ನು ಸುತ್ತಿ, ಕೈಚೀಲದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿತ್ತು.

ಇವತ್ತು ರಾತ್ರಿಗೆ ನನಗೆ ಮೊಸಳೆಯಂತೆ. ಸೋಫಾ ಮೇಲೆ, ಕಾಲ ಮೇಲೆ ಕಾಲು ಹಾಕಿಕೊಂಡು.